ಉಕ್ಕು ಕೊರೆಯುವ ಮುಂಚೆ ಒಮ್ಮೆ ಕೇಳಿ

ಭಾರತೀಯ ಸೇನೆಯ ಟ್ಯಾಂಕ್‌ಗಳ ಮಾಡೆಲ್ ಕಿಟ್ ತಯಾರಿಸುವವರಿಗೆ, ಮುಂದೆ ತಯಾರಿಸಬೇಕು ಅಂತಿರುವವರಿಗೆ,

ಹುಬ್ಬಳ್ಳಿಯಿಂದ ನಮಸ್ಕಾರ.

ನಾನು ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಡೈ ಮೇಕರ್. ಬಾಟಲಿ ಮುಚ್ಚಳ, ಸ್ವಿಚ್ ಪೆಟ್ಟಿಗೆ, ಪಂಪಿನ ಫ್ಯಾನ್ ಕವರ್, ಇಂಥವಕ್ಕೆ ಮೋಲ್ಡ್, ಅಂದರೆ ಪ್ಲಾಸ್ಟಿಕ್ ಎರಕ ಹೊಯ್ಯುವ ಉಕ್ಕಿನ ಅಚ್ಚು, ಮಾಡಿಕೊಡುವುದು ಇಪ್ಪತ್ತೆರಡು ವರ್ಷದಿಂದ ನನ್ನ ಹೊಟ್ಟೆಪಾಡು. ಭಾನುವಾರ ಬಂತೆಂದರೆ ನೀವು ಮಾಡಿದ ಕಿಟ್ ತೆಗೆದು, ಪ್ಲಾಸ್ಟಿಕ್ ತುಂಡು ಒಂದೊಂದೇ ಅಂಟಿಸಿ ಪುಟ್ಟ ಟ್ಯಾಂಕ್ ಕಟ್ಟಲು ಕೂರುತ್ತೇನೆ. ನಮ್ಮದೊಂದು ಸಣ್ಣ ಗುಂಪಿದೆ. ಧಾರವಾಡದಿಂದ ಇಬ್ಬರು ಬರುತ್ತಾರೆ. ಬೆಟಗೇರಿಯ ಪ್ರೆಸ್ಸಿನಲ್ಲಿ ಕೆಲಸ ಮಾಡುವ ಒಬ್ಬರು ಗದಗಿನಿಂದ ಬೆಳಗಿನ ರೈಲು ಹಿಡಿದು ಬರುತ್ತಾರೆ. ಹಾವೇರಿಯಿಂದ ಒಬ್ಬರು ನಿವೃತ್ತ ಡ್ರಾಯಿಂಗ್ ಮಾಸ್ತರು. ನಡುವೆ ಗಿರ್ಮಿಟ್, ಮಿರ್ಚಿ, ಚಹಾ. ಸಂಜೆವರೆಗೂ ಮಾತು ಒಂದೇ: ಮುಂದೆ ಯಾವ ಕಿಟ್ ಬರುತ್ತಂತೆ, ಅದು ಸರಿಯಾಗಿರುತ್ತಾ ಇಲ್ವಾ.

ಹೋದ ವರ್ಷ ವಿಜಯಂತ ಟ್ಯಾಂಕಿನ ಒಂದು ಕಿಟ್ ತರಿಸಿದೆ. 1/72 ಅಳತೆಯದು, ಅಂದರೆ ನಿಜವಾದ ಗಾಡಿಯ 72ರಲ್ಲಿ ಒಂದು ಪಾಲು. ಮಾಡಿದವರ ಹೆಸರು ಇಲ್ಲಿ ಬೇಡ. ಅದನ್ನು ತರಿಸಿದ್ದು ನನಗಾಗಿ ಅಲ್ಲ, ನಮ್ಮ ಕಾಕಾನಿಗಾಗಿ. ಕಾಕಾ 1974ರಲ್ಲಿ ಸೇನೆಗೆ ಸೇರಿದ. ಹದಿನೇಳು ವರ್ಷ ಇದ್ದ. ಅದರಲ್ಲಿ ಬಹುಪಾಲು ವಿಜಯಂತ ಟ್ಯಾಂಕಿನ ಡ್ರೈವರ್. ಈಗ ಎಪ್ಪತ್ತು ದಾಟಿದೆ. ಕಣ್ಣಿಗೆ ಪೊರೆ ತೆಗೆಸಿದ್ದಾನೆ. ನಾನು ಒಂದು ವಾರ ಕೂತು ಕಟ್ಟಿ, ಹಸಿರು ಬಣ್ಣ ಹೊಡೆದು, ಒಣಗಿಸಿ, ಅವನ ಅಂಗೈ ಮೇಲೆ ಇಟ್ಟೆ.

ಅವನು ಬಹಳ ಹೊತ್ತು ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಆಮೇಲೆ ಉಗುರಿನಿಂದ ಮುಂಭಾಗ ಮುಟ್ಟಿ ಕೇಳಿದ, "ತಮ್ಮಾ, ಇದರಾಗ ನಾ ಎಲ್ಲಿ ಕುಂಡ್ರಲಿ?"

ನನಗೆ ಅರ್ಥ ಆಗಲಿಲ್ಲ. ಅವನೇ ಹೇಳಿದ. "ನನ್ನ ಜಾಗ ಬಲಗಡೆ. ಎಡಗಡೆ ಗುಂಡು ಇರತಿದ್ದವು. ನೀವು ನನ್ನ ಬಾಗಲಾ ಎಡಕ್ಕ ಇಟ್ಟೀರಿ." ಆಮೇಲೆ ಚಕ್ರ ಎಣಿಸಿದ. ಒಂದು ಬದಿಗೆ ಐದು. ಮೊದಲನೇ ಚಕ್ರಕ್ಕೂ ಎರಡನೇ ಚಕ್ರಕ್ಕೂ ನಡುವೆ ಜಾಸ್ತಿ ಸಂದು. "ಇದು ನಮ್ಮ ಗಾಡಿ ಅಲ್ಲೋ," ಅಂದು ಟೇಬಲ್ ಮೇಲೆ ಇಟ್ಟುಬಿಟ್ಟ.

ಚಕ್ರದ ನಡುವಿನ ಆ ಸಂದು ನೋಡಿದ ಮೇಲೆ ನನಗೂ ಗೊತ್ತಾಯಿತು. ಐದು ಚಕ್ರ, ಮೊದಲೆರಡರ ನಡುವೆ ಅಗಲದ ಸಂದು, ಡ್ರೈವರ್ ಎಡಕ್ಕೆ. ಇದು ರಷ್ಯಾದ ಟಿ-55 ಟ್ಯಾಂಕಿನ ಲಕ್ಷಣ. ಟಿ-55ರ ಕೆಳಭಾಗ ತೆಗೆದುಕೊಂಡು ಮೇಲೆ ಬೇರೆ ಟರೆಟ್, ಅಂದರೆ ಫಿರಂಗಿ ಹೊತ್ತು ತಿರುಗುವ ಮೇಲ್ಭಾಗ, ಕೂರಿಸಿ ವಿಜಯಂತ ಅಂತ ಮಾರಿದ್ದರು. ವಿಜಯಂತ ರಷ್ಯಾದ ಗಾಡಿಯೇ ಅಲ್ಲ. ಅದು ಬ್ರಿಟನ್ನಿನ ವಿಕರ್ಸ್ ಕಂಪನಿಯ ವಿನ್ಯಾಸ. 1965ರಿಂದ ಮದ್ರಾಸಿನ ಹತ್ತಿರದ ಆವಡಿಯಲ್ಲಿ ತಯಾರಾಯಿತು. 105 ಮಿ.ಮೀ. ಫಿರಂಗಿ, ಲೇಲ್ಯಾಂಡ್ ಎಲ್60 ಎಂಜಿನ್, ಒಂದು ಬದಿಗೆ ಆರು ಚಕ್ರ. ನಮ್ಮ ದೇಶದಲ್ಲಿ ತಯಾರಾದ ಮೊದಲ ಮುಖ್ಯ ಯುದ್ಧ ಟ್ಯಾಂಕ್ ಅದು. ಅದಕ್ಕೆ ಇನ್ನೊಬ್ಬರ ಕಾಲು ಅಂಟಿಸಿದ್ದಾರೆ.

ಕಾಕಾ ಕೋಪ ಮಾಡಿಕೊಂಡಿದ್ದರೆ ನನಗೆ ಅಷ್ಟು ಬೇಜಾರಾಗುತ್ತಿರಲಿಲ್ಲ. ಅವನು ಸುಮ್ನೆ ಎದ್ದು ಚಹಾ ಕುಡಿಯಲು ಹೋದ. ಅದಕ್ಕೇ ಈ ಪತ್ರ.

ನಮ್ಮಂಥವರಿಗೆ ಒಂದು ಅಡ್ಡಹೆಸರಿದೆ. ರಿವೆಟ್ ಎಣಿಸುವವರು ಅಂತ. ಅಳತೆ ಸರಿಯಿಲ್ಲ ಅಂದರೆ "ಅಷ್ಟೊಂದು ಯಾಕ್ರೀ, ಆಟದ ಸಾಮಾನು ಅಲ್ವಾ" ಅನ್ನುತ್ತಾರೆ. ಈ ಮಾತಿಗೆ ಹುಬ್ಬಳ್ಳಿಯಲ್ಲಿ ಕೂತು ಉತ್ತರ ಹೇಳುವುದು ಸುಲಭ. ನಮ್ಮ ಮನೆಯಿಂದ ಬೆಂಗೇರಿ ದೂರ ಇಲ್ಲ. ಅಲ್ಲಿನ ಖಾದಿ ಸಂಘದಲ್ಲಿ ದೇಶದ ಬಾವುಟ ತಯಾರಾಗುತ್ತದೆ. ನಮ್ಮ ಅಕ್ಕ ಕೆಲವು ವರ್ಷ ಅಲ್ಲಿ ಹೊಲಿಗೆ ಕೆಲಸದಲ್ಲಿದ್ದಳು. ಬಾವುಟಕ್ಕೆ ಒಂಬತ್ತು ಅಳತೆಗಳಿವೆ. ಎಲ್ಲಕ್ಕಿಂತ ದೊಡ್ಡದು 21 ಅಡಿ ಉದ್ದ, 14 ಅಡಿ ಅಗಲ. ಎಲ್ಲಕ್ಕಿಂತ ಸಣ್ಣದು ಟೇಬಲ್ ಮೇಲೆ ಇಡುವಂಥದ್ದು, 6 ಇಂಚು, 4 ಇಂಚು. ಆ ಸಣ್ಣ ಬಾವುಟದ ಚಕ್ರ 25 ಮಿ.ಮೀ. ಅಷ್ಟೆ. ಅದರಲ್ಲೂ ಅರೆಗಳು 24 ಇರಲೇಬೇಕು. ಹಿಂದಿನ ಚಕ್ರ ಮುಂದಿನ ಚಕ್ರದ ಬೆನ್ನಿಗೆ ಸರಿಯಾಗಿ ಕೂರಬೇಕು. ಒಂದು ನೂಲು ಆಚೀಚೆ ಆದರೆ ಪಕ್ಕಕ್ಕೆ ಹೋಗುತ್ತದೆ. ಅಕ್ಕನಿಗೆ ಯಾರೂ "ಅಷ್ಟೊಂದು ಯಾಕ್ರೀ" ಅನ್ನಲಿಲ್ಲ.

ಟಿ-55ರ ಒಂದು ಚಕ್ರದ ಅಡ್ಡಳತೆ 810 ಮಿ.ಮೀ. 1/35ಕ್ಕೆ ಇಳಿಸಿದರೆ 23 ಮಿ.ಮೀ. ಬರುತ್ತದೆ. ಆ ಪುಟ್ಟ ಬಾವುಟದ ಚಕ್ರದಷ್ಟೇ ಹೆಚ್ಚುಕಡಿಮೆ. ನಮ್ಮೂರಿನ ಹೆಣ್ಣುಮಕ್ಕಳು ಬಟ್ಟೆಯ ಮೇಲೆ ಸಾಧಿಸುವುದನ್ನು ನೀವು ಉಕ್ಕಿನ ಮೋಲ್ಡಿನಲ್ಲಿ ಸಾಧಿಸಬಹುದು. ಅಷ್ಟು ಯಂತ್ರಗಳು ನಿಮ್ಮ ಹತ್ತಿರ ಇವೆ.

1/35 ಅಂದರೆ ಏನು ಅಂತ ಗೊತ್ತಿಲ್ಲದ ಓದುಗರಿಗೆ ಒಂದು ಮಾತು. ನಿಜವಾದ ಗಾಡಿಯ 35 ಮಿ.ಮೀ. ಮಾಡೆಲ್ಲಿನಲ್ಲಿ 1 ಮಿ.ಮೀ. ಆಗುತ್ತದೆ. ಐದಡಿ ಎಂಟಿಂಚಿನ ಸೈನಿಕ ಅಲ್ಲಿ ಐದು ಸೆಂ.ಮೀ. ಕೂಡ ಇರುವುದಿಲ್ಲ. ಈ ಅಳತೆ ಬಂದ ಕತೆ ನನಗೆ ಬಹಳ ಇಷ್ಟ. ಜಪಾನಿನ ತಮಿಯಾ ಕಂಪನಿ ಅರವತ್ತರ ದಶಕದ ಶುರುವಿನಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡಿತು. ಓಡುವ ಟ್ಯಾಂಕ್, ಒಳಗೆ ಮೋಟರ್ ಮತ್ತು ಬ್ಯಾಟರಿ. ಬ್ಯಾಟರಿ ಹಿಡಿಯುವಷ್ಟು ದೊಡ್ಡದು ಮಾಡಿದರು. ಆಮೇಲೆ ಅಳೆದು ನೋಡಿದರೆ ಸುಮಾರು 1/35 ಬಂತು. ಇವತ್ತು ಜಗತ್ತಿನಲ್ಲಿ ಟ್ಯಾಂಕ್ ಮಾಡೆಲ್ ಕಟ್ಟುವವರಲ್ಲಿ ಬಹಳ ಜನ ಆ ಬ್ಯಾಟರಿ ಕೊಟ್ಟ ಅಳತೆಯಲ್ಲೇ ಕೂತಿದ್ದಾರೆ. ಅದೇ ಕಂಪನಿಯವರು ಮುಂದೆ ಪೋರ್ಷ 934 ಕಾರಿನ ಕಿಟ್ ಮಾಡುವಾಗ ನಿಜವಾದ ಪೋರ್ಷ 911 ಒಂದನ್ನು ಕೊಂಡು, ಬಿಚ್ಚಿ, ಒಂದೊಂದೇ ಭಾಗ ನೋಡಿದರು. 1976ರಲ್ಲಿ ಆ ಕಿಟ್ ಬಂತು. ನಿಮ್ಮ ಕಸುಬಿನ ಹಿರಿಯರು ಇಟ್ಟ ಮಟ್ಟ ಇದು. ನಿಮಗೆ ವಿಜಯಂತ ಕೊಂಡುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಅದನ್ನು ಓಡಿಸಿದವನನ್ನು ಒಂದು ಮಾತು ಕೇಳಿ ಅನ್ನುತ್ತಿದ್ದೇನೆ.

ಈಗ ನನ್ನ ಕಸುಬಿನ ಮಾತು. ಇದನ್ನು ನಿಮ್ಮ ಟೂಲ್ ರೂಮಿನವರಿಗೆ ಓದಿ ಹೇಳಿ, ಅವರು ಒಪ್ಪುತ್ತಾರೆ.

ಮೋಲ್ಡಿನಲ್ಲಿ ಎಲ್ಲವೂ ತಿರುವುಮುರುವು. ಉಕ್ಕಿನಲ್ಲಿ ಗುಂಡಿ ಇದ್ದರೆ ಪ್ಲಾಸ್ಟಿಕ್ಕಿನಲ್ಲಿ ಉಬ್ಬು. ಹಾಗಾಗಿ ಒಂದು ಬೋಲ್ಟು ಬಿಟ್ಟುಹೋಗಿದೆ ಅಂದರೆ ಚಿಂತೆ ಇಲ್ಲ. ಉಕ್ಕಿನಲ್ಲಿ ಇನ್ನೊಂದು ಸಣ್ಣ ಗುಂಡಿ ತೋಡಿದರೆ ಪ್ಲಾಸ್ಟಿಕ್ಕಿನಲ್ಲಿ ಬೋಲ್ಟು ಬಂದಾಯಿತು. ಆದರೆ ಇಲ್ಲದ ಬೋಲ್ಟನ್ನು ಹಾಕಿಬಿಟ್ಟಿದ್ದರೆ ಕೆಲಸ ಕೆಟ್ಟಿತು. ಆ ಗುಂಡಿಯನ್ನು ವೆಲ್ಡ್ ಹಾಕಿ ತುಂಬಬೇಕು, ಮತ್ತೆ ಮಶಿನಿಂಗ್, ಮತ್ತೆ ಪಾಲಿಶ್. ಎಷ್ಟೇ ಮಾಡಿದರೂ ಆ ಜಾಗದಲ್ಲಿ ಒಂದು ಕಲೆ ಉಳಿಯುತ್ತದೆ. ಟರೆಟ್ಟಿನ ಆಕಾರವೇ ದಪ್ಪ ಬಂದಿದ್ದರೆ ಅದನ್ನು ತೆಳ್ಳಗೆ ಮಾಡುವುದು ದೇವರಿಗೇ ಪ್ರೀತಿ. ಹೊಸ ಮೋಲ್ಡೇ ಬೇಕು. ಯಾವ ಮಾಲೀಕನೂ ಒಂದು ಟ್ಯಾಂಕಿಗೆ ಎರಡು ಸಲ ಮೋಲ್ಡಿನ ದುಡ್ಡು ಹಾಕುವುದಿಲ್ಲ. ಒಮ್ಮೆ ತಪ್ಪು ಕೊರೆದರೆ ಆ ತಪ್ಪು ಮೂವತ್ತು, ನಲವತ್ತು ವರ್ಷ ಪೆಟ್ಟಿಗೆ ಬದಲಾಯಿಸಿಕೊಂಡು ಮಾರಾಟವಾಗುತ್ತಲೇ ಇರುತ್ತದೆ. 1975ರ ಮೋಲ್ಡಿನಿಂದ ಬಂದ ಸೆಂಚುರಿಯನ್ ಟ್ಯಾಂಕಿನ ಕಿಟ್ ನಾನೇ ಕಟ್ಟಿದ್ದೇನೆ. ಆ ಮೋಲ್ಡು ಹೆಚ್ಚುಕಡಿಮೆ ನನ್ನ ವಯಸ್ಸಿನದು.

ಅದಕ್ಕೇ ನಮ್ಮ ಮೊದಲ ಬೇಡಿಕೆ ಇದು. ಕಂಪ್ಯೂಟರಿನ ಚಿತ್ರ ತಯಾರಾದ ತಕ್ಷಣ ತೋರಿಸಿ. ಉಕ್ಕು ಮುಟ್ಟುವ ಮುಂಚೆ ತೋರಿಸಿ. ಪೆಟ್ಟಿಗೆ ಅಂಗಡಿಗೆ ಬಂದ ಮೇಲೆ ನಾವು ತಪ್ಪು ಹುಡುಕಿ ಏನು ಪ್ರಯೋಜನ? ಆಗ ನಿಮಗೆ ಸಿಟ್ಟು, ನಮಗೆ ನಷ್ಟ. ಒಂದು ದೊಡ್ಡ ಕಿಟ್ ತರಿಸಲು ನಾನು ಎರಡು ತಿಂಗಳ ಓವರ್‌ಟೈಮ್ ದುಡ್ಡು ಕೂಡಿಡುತ್ತೇನೆ. ಒಂದು ತಿಂಗಳು ಮುಂಚೆ ಚಿತ್ರ ತೋರಿಸಿದ್ದರೆ ಕಾಕಾ ಎರಡು ನಿಮಿಷದಲ್ಲಿ "ಬಾಗಲಾ ಬಲಕ್ಕ ಇಡ್ರಿ" ಅಂದುಬಿಡುತ್ತಿದ್ದ.

ಇನ್ನೊಂದು. ಗೊತ್ತಿಲ್ಲದ್ದನ್ನು ಊಹೆ ಮಾಡಿ ಹಾಕಬೇಡಿ, ಖಾಲಿ ಬಿಡಿ. ಖಾಲಿ ಜಾಗಕ್ಕೆ ನಾವು ಪ್ಲಾಸ್ಟಿಕ್ ಶೀಟ್ ಕತ್ತರಿಸಿ ಅಂಟಿಸಿಕೊಳ್ಳುತ್ತೇವೆ. ಅದರಲ್ಲೇ ನಮ್ಮ ಭಾನುವಾರದ ಸುಖ ಇದೆ. ತಪ್ಪಾಗಿ ಎರಕ ಹೊಯ್ದದ್ದನ್ನು ಮಾತ್ರ ಕೆತ್ತಿ ತೆಗೆಯಲು ಹೋದರೆ ಸುತ್ತಲಿನ ಒಳ್ಳೆಯ ಕೆಲಸವೂ ಹಾಳು.

ಪೆಟ್ಟಿಗೆಯ ಮೇಲೆ ತಿರಂಗಾ ಅಚ್ಚು ಹಾಕಿ, ಒಳಗೆ ಬೇರೆ ದೇಶದ ಗಾಡಿ ಇಡುವುದನ್ನು ದಯವಿಟ್ಟು ನಿಲ್ಲಿಸಿ. ಟಿ-90 ಉದಾಹರಣೆ ತೆಗೆದುಕೊಳ್ಳಿ. ರಷ್ಯಾದ ಟಿ-90ಎ ಟ್ಯಾಂಕಿನ ಫಿರಂಗಿಯ ಎರಡೂ ಬದಿಗೆ ದೊಡ್ಡ ದೀಪದಂಥ ಪೆಟ್ಟಿಗೆಗಳಿವೆ. ಬರುವ ಕ್ಷಿಪಣಿಯ ದಾರಿ ತಪ್ಪಿಸುವ ಶ್ತೋರಾ ಅನ್ನುವ ಸಾಧನ. ಹಚ್ಚಿದಾಗ ಕೆಂಪು ಕಣ್ಣಿನ ಹಾಗೆ ಕಾಣುತ್ತದೆ. ನಮ್ಮ ಸೇನೆಯ ಟಿ-90 ಭೀಷ್ಮದಲ್ಲಿ ಅದು ಇಲ್ಲ. ಗಣರಾಜ್ಯೋತ್ಸವದ ಪರೇಡ್ ಟಿವಿಯಲ್ಲಿ ನೋಡಿದ ಮಗುವಿಗೂ ಇದು ಕಾಣುತ್ತದೆ. ಆದರೂ ಕೆಂಪು ಕಣ್ಣು ಹಚ್ಚಿದ ಭೀಷ್ಮದ ಮಾಡೆಲ್ಲುಗಳನ್ನು ನಾನು ಎಷ್ಟು ಸಲ ನೋಡಿದ್ದೇನೋ. ಕಟ್ಟಿದವರ ತಪ್ಪಲ್ಲ. ಪೆಟ್ಟಿಗೆಯಲ್ಲಿ ಇದ್ದದ್ದನ್ನು ಕಟ್ಟಿದ್ದಾರೆ. ಆ ಒಂದು ಭಾಗ ಬೇರೆ ಕೊಟ್ಟು, ಸೂಚನೆಯ ಹಾಳೆಯಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಟಿ-55ರ ಕತೆ ಇನ್ನೂ ಸೊಗಸು. 1971ರ ಯುದ್ಧದಲ್ಲಿ ನಮ್ಮ ಕಡೆ ಟಿ-55, ಪಾಕಿಸ್ತಾನದ ಕಡೆ ಚೀನಾದ ಟೈಪ್ 59. ಟೈಪ್ 59 ಅಂದರೆ ಟಿ-54ರ ನಕಲು. ಧೂಳಿನಲ್ಲಿ, ದೂರದಿಂದ, ಎರಡೂ ಅಣ್ಣತಮ್ಮಂದಿರ ಹಾಗೆ. ನಮ್ಮವರು ನಮ್ಮವರ ಮೇಲೇ ಗುಂಡು ಹಾರಿಸುವ ಭಯ. ಅದಕ್ಕೆ ನಮ್ಮ ಟ್ಯಾಂಕ್‌ಗಳ ಫಿರಂಗಿ ನಳಿಗೆಯ ನಡುವೆ ಒಂದು ಸುಳ್ಳು ಉಬ್ಬು ಕಟ್ಟಿದರು. ಗುಂಡು ಹಾರಿದ ಮೇಲೆ ನಳಿಗೆಯಲ್ಲಿ ಉಳಿದ ಹೊಗೆ ಎಳೆಯುವ ಭಾಗದ ಹಾಗೆ ಕಾಣುವ, ಆದರೆ ಏನೂ ಕೆಲಸ ಮಾಡದ ಉಬ್ಬು. ನಿಜವಾದದ್ದು ಆ 100 ಮಿ.ಮೀ. ಫಿರಂಗಿಯ ತುದಿಯಲ್ಲಿ ಇರುತ್ತದೆ. ಮುಂದೆ ಇದೇ ಟ್ಯಾಂಕ್‌ಗಳಿಗೆ 105 ಮಿ.ಮೀ. ಫಿರಂಗಿ ಹಾಕಿದಾಗ ನಡುವೆ ನಿಜವಾದ ಉಬ್ಬೇ ಬಂತು. ಅಂದರೆ ಒಂದೇ ಟ್ಯಾಂಕಿಗೆ ಕಾಲಕ್ಕೆ ತಕ್ಕಂತೆ ಮೂರು ರೂಪ. 1971ರ ಟಿ-55 ಕಟ್ಟುವವನಿಗೆ ಆ ಸುಳ್ಳು ಉಬ್ಬೇ ಬೇಕು. ಹೋದ ಬೇಸಿಗೆಯಲ್ಲಿ ನಾನು ಅದನ್ನು ಬಾಲ್‌ಪೆನ್ನಿನ ಕ್ಯಾಪಿನಿಂದ ಮಾಡಿದೆ. ಲೇತ್ ಮೇಲೆ ಹಿಡಿದು ವರ್ನಿಯರಿನಲ್ಲಿ ಹನ್ನೆರಡು ಸಲ ಅಳೆದೆ. ಮಾಸ್ತರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದನ್ನ ಕಟ್ಟಿದವ್ರ ಜೀವ ಇದರಾಗ ಉಳದೈತಿ ನೋಡ್ರಿ" ಅಂದರು. ಸಾವಿರಾರು ಕಿಟ್ ಮಾಡುವ ನಿಮಗೆ ಅದು ಕಿಟ್ಟಿನ ತುಂಡುಗಳು ಅಂಟಿಕೊಂಡು ಬರುವ ಫ್ರೇಮಿನ ಮೂಲೆಯಲ್ಲಿ ಒಂದು ಸಣ್ಣ ತುಂಡು ಜಾಸ್ತಿ, ಅಷ್ಟೆ.

ಡೆಕಾಲ್, ಅಂದರೆ ಮಾಡೆಲ್ಲಿನ ಮೇಲೆ ಅಂಟಿಸುವ ನಂಬರ್ ಮತ್ತು ಗುರುತುಗಳ ಅಚ್ಚು ಹಾಳೆ, ಅದರ ಬಗ್ಗೆ ಬೆಟಗೇರಿಯವರು ಬರೆಯಲು ಹೇಳಿದ್ದಾರೆ. ನಮ್ಮ ಸೇನೆಯ ಗಾಡಿಗಳ ನಂಬರ್ ಪ್ಲೇಟಿನಲ್ಲಿ ಮೇಲಕ್ಕೆ ತೋರಿಸುವ ಬಾಣ ಇರುತ್ತದೆ. ಒಂದು ಕಿಟ್ಟಿನ ಹಾಳೆಯಲ್ಲಿ ಆ ಬಾಣ ಕೆಳಗೆ ತೋರಿಸುತ್ತಿತ್ತು. ಅವರು ಆ ಹಾಳೆಯನ್ನು ರೈಲಿನಲ್ಲಿ ಗದಗಿಗೆ ಒಯ್ದು, ಪ್ರೆಸ್ಸಿನಲ್ಲಿ ಹೊಸದಾಗಿ ಅಚ್ಚು ಹಾಕಿ, ನಮಗೆಲ್ಲ ಹಂಚಿದರು. ಅವರ ಮಾತು ಇಷ್ಟೇ: ಮದುವೆ ಪತ್ರಿಕೆಗೆ ನಾವು ಮೂರು ಸಲ ಪ್ರೂಫ್ ನೋಡುತ್ತೇವೆ, ಇದಕ್ಕೆ ಒಂದು ಸಲವಾದರೂ ನೋಡಿ.

ಮುಚ್ಚಿಡಬೇಕಾದ ವಿಷಯ ಯಾವುದನ್ನೂ ನಾವು ಕೇಳುತ್ತಿಲ್ಲ. ಉಕ್ಕಿನ ಕವಚ ಎಷ್ಟು ದಪ್ಪ, ಒಳಗೆ ಯಾವ ಯಂತ್ರ, ಅದು ನಮಗೆ ಬೇಡವೇ ಬೇಡ. ಪರೇಡಿನಲ್ಲಿ, ಮ್ಯೂಸಿಯಮ್ಮಿನಲ್ಲಿ ಯಾರಿಗೂ ಕಾಣುವಂಥದ್ದು ಸಾಕು. ಸೇವೆಯಿಂದ ಹೊರಬಂದ ಹಳೆಯ ಗಾಡಿಗಳೇ ಬೇಕಾದಷ್ಟಿವೆ. ವಿಜಯಂತ ಇದೆ. ಶಕ್ತಿಮಾನ್ ಲಾರಿ ಇದೆ. ಜಬಲ್ಪುರದಲ್ಲಿ ತಯಾರಾದ ಜೋಂಗಾ ಜೀಪು ಇದೆ, ನಮ್ಮ ಕಡೆಯ ಎಷ್ಟೋ ಜನ ಹರಾಜಿನಲ್ಲಿ ಕೊಂಡು ಹೊಲದ ದಾರಿಯಲ್ಲಿ ಓಡಿಸಿದ ಗಾಡಿ ಅದು. ಇವುಗಳ ಒಳ್ಳೆಯ ಪ್ಲಾಸ್ಟಿಕ್ ಕಿಟ್ಟಿಗಾಗಿ ನಾವು ಕಾಯುತ್ತಿದ್ದೇವೆ. ನೀವು ಮಾಡಿದರೆ ನಮ್ಮ ಗುಂಪಿನವರೆಲ್ಲ ಒಂದೊಂದು ಕೊಳ್ಳುತ್ತೇವೆ. ನಾನು ಎರಡು ಕೊಳ್ಳುತ್ತೇನೆ.

ಫೋಟೋ ನೋಡಿ ಕಿಟ್ ಮಾಡುತ್ತೇವೆ ಅನ್ನಬಹುದು ನೀವು. ಆದರೆ ಊರ ವೃತ್ತದಲ್ಲಿ ನಿಲ್ಲಿಸಿದ ಟ್ಯಾಂಕ್ ನಂಬಿ ಕೆಡಬೇಡಿ. ಬಿಸಿಲು ಮಳೆಗೆ ನಿಂತ ಗಾಡಿಗೆ ಹಬ್ಬಕ್ಕೊಮ್ಮೆ ಹೊಳೆಯುವ ಎಣ್ಣೆಬಣ್ಣ ಬಳಿಯುತ್ತಾರೆ. ಮಕ್ಕಳು ಇಳಿಯಬಾರದು ಅಂತ ಬಾಗಿಲುಗಳನ್ನು ವೆಲ್ಡ್ ಮಾಡಿರುತ್ತಾರೆ. ಪೆಟ್ಟಿಗೆ, ಸಲಿಕೆ, ಹಗ್ಗ ಯಾವುದೂ ಜಾಗದಲ್ಲಿ ಇರುವುದಿಲ್ಲ. ಇಂಥ ಟ್ಯಾಂಕ್ ನೋಡಿಕೊಳ್ಳುವ ಊರಿನವರಿಗೂ ಇದೇ ಪತ್ರದಲ್ಲಿ ಒಂದು ವಿನಂತಿ: ಬಣ್ಣ ಬಳಿಯುವ ಮುಂಚೆ ಗಾಡಿಯ ಮೇಲಿನ ನಂಬರ್, ಗುರುತು, ತಯಾರಿಕೆಯ ಫಲಕ ಇವುಗಳ ಫೋಟೋ ತೆಗೆದಿಟ್ಟುಕೊಳ್ಳಿ. ಒಮ್ಮೆ ಮುಚ್ಚಿದರೆ ಮತ್ತೆ ಸಿಗುವುದಿಲ್ಲ.

ನಿಜವಾಗಿ ನೋಡಬೇಕು ಅಂದರೆ ಅಹ್ಮದ್‌ನಗರಕ್ಕೆ ಹೋಗಿ, ಈಗ ಅಹಿಲ್ಯಾನಗರ ಅನ್ನುತ್ತಾರೆ. ಅಲ್ಲಿನ ಟ್ಯಾಂಕ್ ಮ್ಯೂಸಿಯಮ್ 1994ರಲ್ಲಿ ಶುರುವಾಯಿತು. ಸುಮಾರು 50 ಗಾಡಿಗಳಿವೆ. ಬ್ರಿಟನ್ನಿನ ಮಟಿಲ್ಡಾ ಮತ್ತು ಚರ್ಚಿಲ್ ಟ್ಯಾಂಕು, ಜಪಾನಿನ ಸಣ್ಣ ಟ್ಯಾಂಕ್‌ಗಳು, 1965ರ ಯುದ್ಧದಲ್ಲಿ ಪಾಕಿಸ್ತಾನದಿಂದ ಸಿಕ್ಕ ಪ್ಯಾಟನ್ ಟ್ಯಾಂಕು. ಕಾಕಾ ತರಬೇತಿ ಪಡೆದದ್ದೂ ಅದೇ ಊರಿನಲ್ಲಿ. ಆ ತಪ್ಪು ಮಾಡೆಲ್ ಆದ ಮೇಲೆ ನನಗೆ ತಡೆಯಲಿಲ್ಲ. ರಾತ್ರಿ ಬಸ್ಸಿಗೆ ಪುಣೆ, ಅಲ್ಲಿಂದ ಇನ್ನೊಂದು ಬಸ್ಸು, ಕಾಕಾನನ್ನು ಕರೆದುಕೊಂಡು ಹೋದೆ.

ವಿಜಯಂತದ ಮುಂದೆ ಅವನು ನೇರ ಬಲಗಡೆಗೆ ಹೋಗಿ ನಿಂತ. ಡ್ರೈವರಿಗೆ ಬಲ ಆಗುವ ಕಡೆ, ನೋಡುವವರಿಗೆ ಎಡ. ಮೊದಲು ಒಂದು ಮಾತೂ ಆಡಲಿಲ್ಲ. ಆಮೇಲೆ ಕೈಯೆತ್ತಿ ಗಾಳಿಯಲ್ಲೇ ತೋರಿಸುತ್ತ ಹೋದ. ಎಡಗಾಲು ಇಲ್ಲಿ, ಕೈ ಅಲ್ಲಿ, ಬಲಗಾಲು ಮಡ್‌ಗಾರ್ಡಿನ ಮೇಲೆ, ಆಮೇಲೆ ಒಳಗೆ. "ಇಲ್ಲೆ ನೋಡು, ಬೂಟು ತಿಕ್ಕಿ ತಿಕ್ಕಿ ಬಣ್ಣ ಹೋಗಿ ಕಬ್ಬಣ ಬೆಳ್ಳಗ ಆಗತಿತ್ತು." ನಾನು ನೋಟ್‌ಬುಕ್ಕಿನಲ್ಲಿ ನಾಲ್ಕು ಜಾಗ ಗುರುತು ಮಾಡಿಕೊಂಡೆ. ಚಕ್ರ ಎಣಿಸಿದೆವು, ಆರು. ಮೇಲೆ ಪಟ್ಟಿ ಹೊರುವ ಸಣ್ಣ ಗಾಲಿಗಳು ಮೂರು. ಅಗಲ 3.17 ಮೀಟರ್ ಅಂತ ನಾನು ಓದಿದ್ದೆ. 1/35ರಲ್ಲಿ ಒಂಬತ್ತು ಸೆಂ.ಮೀ. ಮೇಲೆ ಒಂದು ಕೂದಲು. ಸೆಂಚುರಿಯನ್ನಿಗಿಂತ ಆರು ಮಿ.ಮೀ. ಸಣ್ಣದು. ಹಾಗಾಗಿ ಸೆಂಚುರಿಯನ್ ಕೆಳಭಾಗ ಇಟ್ಟರೂ ಆಗುವುದಿಲ್ಲ, ಇದನ್ನೂ ಬರೆದುಕೊಳ್ಳಿ.

ಬೂಟು ತಿಕ್ಕಿ ಬೆಳ್ಳಗಾಗುವ ಆ ನಾಲ್ಕು ಜಾಗ ಯಾವ ನಕ್ಷೆಯಲ್ಲೂ ಇಲ್ಲ. ಆವಡಿಯ ಡ್ರಾಯಿಂಗಿನಲ್ಲೂ ಇರಲಿಕ್ಕಿಲ್ಲ. ಅದು ಕಾಕಾನಂಥವರ ನೆನಪಿನಲ್ಲಿ ಮಾತ್ರ ಇದೆ. ಧಾರವಾಡ, ಗದಗ, ಹಾವೇರಿಯ ಹಳ್ಳಿಗಳಲ್ಲಿ ಇಂಥ ನಿವೃತ್ತರು ಇನ್ನೂ ಇದ್ದಾರೆ. ಬ್ಯಾಂಕಿನ ಬಾಗಿಲಲ್ಲಿ ಕಾವಲು ನಿಂತಿರುತ್ತಾರೆ, ಹೊಲದಲ್ಲಿ ಇರುತ್ತಾರೆ. ಕೇಳುವವರು ಬಂದರೆ ಕುರ್ಚಿ ಹಾಕಿ ಹೇಳುತ್ತಾರೆ. ಅವರ ವಯಸ್ಸು ನಿಮ್ಮ ಮೋಲ್ಡಿಗಾಗಿ ಕಾಯುವುದಿಲ್ಲ.

ನೀವು ವಿಜಯಂತದ ಕೆಲಸ ಶುರು ಮಾಡುವುದಾದರೆ ನಮ್ಮ ಕಡೆಯಿಂದ ಏನು ಸಿಗುತ್ತದೆ ಅಂತಲೂ ಹೇಳಿಬಿಡುತ್ತೇನೆ. ನಿಮ್ಮ ಚಿತ್ರ ಬಂದ ವಾರದೊಳಗೆ ನಾವೆಲ್ಲ ಕೂತು ಅಳತೆ ನೋಡಿಕೊಡುತ್ತೇವೆ. ದುಡ್ಡು ಬೇಡ, ಪೆಟ್ಟಿಗೆಯ ಮೇಲೆ ಹೆಸರೂ ಬೇಡ. ಡೆಕಾಲಿನ ಪ್ರೂಫ್ ಬೆಟಗೇರಿಯಲ್ಲಿ ಓದಿಸುತ್ತೇವೆ. ಬಣ್ಣಕ್ಕೆ ಹಾವೇರಿಯ ಮಾಸ್ತರು ಇದ್ದಾರೆ. ಕಾಕಾ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ತನ್ನ ಡ್ರೈವರ್ ಜಾಗ ಬರೆದಿಟ್ಟಿದ್ದಾನೆ. ಬಾಗಿಲು, ಅದು ಯಾವ ಕಡೆ ತೆರೆಯುತ್ತದೆ, ತಲೆ ಹೊರಗೆ ಹಾಕಿದಾಗ ಎದುರಿಗೆ ಏನು ಕಾಣುತ್ತದೆ, ಎಲ್ಲ. ಗೆರೆ ಸ್ವಲ್ಪ ನಡುಗಿದೆ, ಆದರೆ ಬಾಗಿಲು ಬಲಗಡೆ ಇದೆ. ಅದರ ಫೋಟೋ ತೆಗೆದು ಇಟ್ಟಿದ್ದೇನೆ. ಕೇಳಿದ ದಿನವೇ ಕಳಿಸುತ್ತೇನೆ.

ಇತಿ,
ಹುಬ್ಬಳ್ಳಿಯ ಒಬ್ಬ ಡೈ ಮೇಕರ್, ಭಾನುವಾರದ ಗೆಳೆಯರ ಪರವಾಗಿ